ಅಟ್ಟದ ಮೇಲಿನ ದೂರವಾಣಿ: ಮಲೆನಾಡಿನಲ್ಲಿ ಹಳೆಯ ಟೆಲಿಫೋನ್ ಸಲಕರಣೆಗಳನ್ನು ಹುಡುಕುವ, ಗುರುತಿಸುವ, ಕಾಪಾಡುವ ಬಗೆ

ತೀರ್ಥಹಳ್ಳಿ ಕಡೆಯ ಒಂದು ಹಳೆಯ ಮನೆಯ ಅಟ್ಟದಿಂದ ನಾನು ಮೊದಲು ಇಳಿಸಿಕೊಂಡದ್ದು ಫೋನನ್ನಲ್ಲ, ಒಂದು ಚೌಕಾಕಾರದ ಗಾಜಿನ ಜಾಡಿಯನ್ನು. ಬಾಯಿಯ ಒಂದು ಮೂಲೆಯಲ್ಲಿ ಸರಳು ನಿಲ್ಲಿಸಲು ಮಾಡಿದಂತಹ ಕೊಕ್ಕು, ತಳದಲ್ಲಿ ಬಿಳಿ ಉಪ್ಪಿನ ಕರೆ. ಉಪ್ಪಿನಕಾಯಿ ಜಾಡಿಯಿರಬೇಕು ಎಂದುಕೊಂಡು ಬದಿಗಿಡುತ್ತಿದ್ದೆ. ಮನೆಯ ಅಜ್ಜಿ ತಡೆದು, "ಅದು ಫೋನಿನದು. ಅದಕ್ಕೆ ನವಸಾಗರದ ನೀರು ಹಾಕಿದರೆ ಮಾತ್ರ ಮಾತು ಆಚೆ ಹೋಗುತ್ತಿತ್ತು ಎಂದು ನಮ್ಮ ಮಾವ ಹೇಳುತ್ತಿದ್ದರು" ಎಂದರು. ಆ ಒಂದು ಮಾತಿನಿಂದ ಜಾಡಿ ಏನೆಂಬುದು ಗೊತ್ತಾಯಿತು. ಅದು ಲೆಕ್ಲಾಂಶೆ ಕೋಶದ ಹೊರಪಾತ್ರೆ. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ರೂಪಿಸಿದ ಈ ಬ್ಯಾಟರಿಯಲ್ಲಿ ನವಸಾಗರದ ದ್ರಾವಣದೊಳಗೆ ಒಂದು ಸತುವಿನ ಸರಳೂ ಇಂಗಾಲ ತುಂಬಿದ ಒಂದು ಮಣ್ಣಿನ ಕುಡಿಕೆಯೂ ನಿಲ್ಲುತ್ತಿದ್ದವು. ಸಿಗುತ್ತಿದ್ದದ್ದು ಸುಮಾರು 1.5 ವೋಲ್ಟ್.

ಅಜ್ಜಿ ಅಂದು ಮನೆಯಲ್ಲಿ ಇರದಿದ್ದರೆ ನನ್ನ ಬಳಿ ಈಗಲೂ ಒಂದು ಜಾಡಿ ಮಾತ್ರ ಇರುತ್ತಿತ್ತು. ಹೀಗಾಗಿ ಈ ಮಾರ್ಗದರ್ಶಿಯ ಉದ್ದಕ್ಕೂ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ: ವಸ್ತುವನ್ನು ಕೈಗೆತ್ತಿಕೊಳ್ಳುವ ಮುಂಚೆ ಅದರ ಬಗ್ಗೆ ಬಲ್ಲವರ ಮಾತನ್ನು ಬರೆದುಕೊಳ್ಳಿ. ಕಬ್ಬಿಣ ಇನ್ನೂ 50 ವರ್ಷ ಉಳಿಯುತ್ತದೆ, ಅದನ್ನು ಬಳಸಿದವರು ಉಳಿಯುವುದಿಲ್ಲ.

ಮೊದಲು ಕಾಲದ ಲೆಕ್ಕ ತಿಳಿದುಕೊಳ್ಳಿ

ನಾಲ್ಕೈದು ಇಸವಿಗಳು ನೆನಪಿದ್ದರೆ ಅರ್ಧ ಗುರುತು ಹಿಡಿದಂತೆ. ಬೆಂಗಳೂರಿನ ದೂರವಾಣಿನಗರದಲ್ಲಿ ಐ.ಟಿ.ಐ. (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆ ಆರಂಭವಾದದ್ದು 1948ರಲ್ಲಿ. ಅದಕ್ಕೂ ಹಿಂದಿನ ಉಪಕರಣಗಳ ಮೇಲೆ ಸಾಮಾನ್ಯವಾಗಿ ಇಂಗ್ಲೆಂಡಿನ ಕಂಪನಿಗಳ ಹೆಸರು ಕಾಣುತ್ತದೆ. ಐ.ಟಿ.ಐ. ಕೂಡ ಆರಂಭದಲ್ಲಿ ಲಿವರ್‌ಪೂಲ್‌ನ ಕಂಪನಿಯ ತಾಂತ್ರಿಕ ಒಪ್ಪಂದದ ಮೇಲೆಯೇ ತಯಾರಿಕೆ ನಡೆಸಿದ್ದರಿಂದ, ನಮ್ಮ ಹಳೆಯ ಫೋನುಗಳ ಮೈಕಟ್ಟು ಬ್ರಿಟಿಷ್ ಫೋನುಗಳನ್ನು ಹೋಲುತ್ತದೆ. ಆಕಾರ ನೋಡಿ ವಿಲಾಯತಿ ಎಂದು ತೀರ್ಮಾನಿಸಬೇಡಿ. ಅಡಿಭಾಗದ ಅಚ್ಚನ್ನು ಓದಿ.

ಅಂಚೆ ಮತ್ತು ತಂತಿ ಇಲಾಖೆ 1985ರಲ್ಲಿ ಎರಡಾಗಿ, ದೂರಸಂಪರ್ಕಕ್ಕೆ ಬೇರೆಯೇ ಇಲಾಖೆ ಬಂತು. 2000ದ ಅಕ್ಟೋಬರ್ 1ರಿಂದ ಬಿ.ಎಸ್.ಎನ್.ಎಲ್. ಕೆಲಸ ಆರಂಭಿಸಿತು. ಆದ್ದರಿಂದ 'ಪಿ ಅಂಡ್ ಟಿ' ಎಂಬ ಅಚ್ಚಿರುವ ಇಕ್ಕಳ ಹೆಚ್ಚುಕಡಿಮೆ 1985ಕ್ಕೂ ಮುಂಚಿನದು, 'ಡಿ.ಓ.ಟಿ.' ಎಂದಿರುವುದು ಅದರ ನಂತರದ ಹದಿನೈದು ವರ್ಷಗಳದ್ದು. ಒಂದು ಎಚ್ಚರಿಕೆ: ಅಚ್ಚು ಹೇಳುವುದು ಆ ಉಪಕರಣ ಯಾರಿಗಾಗಿ ತಯಾರಾಯಿತು ಎಂಬುದನ್ನು, ಎಲ್ಲಿಯವರೆಗೆ ದುಡಿಯಿತು ಎಂಬುದನ್ನಲ್ಲ. ಹಳೆಯ ಅಚ್ಚಿನ ಉಪಕರಣಗಳು ಇಲಾಖೆಯ ಹೆಸರು ಬದಲಾದ ಮೇಲೂ ಲೈನ್‌ಮನ್‌ಗಳ ಚೀಲದಲ್ಲಿ ಇದ್ದವು.

ಇನ್ನೊಂದು ಇಸವಿ 1986. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್ ರೂಪಿಸಿದ 128 ಪೋರ್ಟುಗಳ (ಲೈನು ಜೋಡಿಸುವ ಜಾಗಗಳ) ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ ಮೊದಲು ಕೆಲಸ ಶುರುಮಾಡಿದ್ದು ಆ ವರ್ಷ ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ. ಹವಾನಿಯಂತ್ರಣ ಬೇಡದ ಆ ಪೆಟ್ಟಿಗೆಗಳು ಹಳ್ಳಿಗಳಿಗೆ ಬರುತ್ತಿದ್ದಂತೆ ಹ್ಯಾಂಡಲ್ ತಿರುಗಿಸಿ ಆಪರೇಟರನ್ನು ಕರೆಯುವ ಪದ್ಧತಿ ಮುಗಿಯುತ್ತ ಬಂತು, ತಿರುಗಿಸುವ ಫೋನುಗಳು ಅಟ್ಟ ಸೇರಿದವು.

ಎಲ್ಲಿ ಹುಡುಕಬೇಕು

ಎಲ್ಲರೂ ಗುಜರಿ ಅಂಗಡಿಗೆ ಹೋಗುತ್ತಾರೆ. ನಾನು ಅಲ್ಲಿಗೆ ಕೊನೆಯಲ್ಲಿ ಹೋಗುತ್ತೇನೆ, ಏಕೆಂದರೆ ಗುಜರಿಗೆ ಬರುವ ಹೊತ್ತಿಗೆ ವಸ್ತುವಿನ ಊರು, ಮನೆ, ಕಥೆ ಎಲ್ಲವೂ ಕಳಚಿಹೋಗಿರುತ್ತವೆ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಅಡಿಕೆ ಮಂಡಿಗಳಿಂದ ಹುಡುಕಾಟ ಆರಂಭಿಸಿ. ಅಡಿಕೆ ವ್ಯಾಪಾರ ದೂರದ ಪೇಟೆಯ ಧಾರಣೆಯ ಮೇಲೆ ನಡೆಯುವಂಥದ್ದು. ಟ್ರಂಕ್ ಕಾಲ್ ಕಾಯ್ದಿರಿಸಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಊರಿಗೆ ಮೊದಲು ಫೋನ್ ಹಾಕಿಸಿಕೊಂಡವರಲ್ಲಿ ವ್ಯಾಪಾರಿಗಳೂ ಇದ್ದರು. ಹಳೆಯ ಮಂಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಗೋಡೆಗೆ ಬಡಿದ ಮರದ ಹಲಗೆ, ಅದರ ಮೇಲಿನ ಗಂಟೆಪೆಟ್ಟಿಗೆ ಈಗಲೂ ಕಾಣಸಿಗುತ್ತವೆ. ಅಕ್ಕಿ ಗಿರಣಿಗಳನ್ನೂ, ಅಂಚೆ ಕಚೇರಿಗೆ ಜಾಗ ಕೊಟ್ಟಿದ್ದ ಮನೆಗಳನ್ನೂ ಬಿಡಬೇಡಿ. ಕೊಪ್ಪ, ಬಾಳೆಹೊನ್ನೂರು ಕಡೆಯ ಕಾಫಿ ತೋಟಗಳಲ್ಲಿ ಬಂಗಲೆಯಿಂದ ತೋಟದ ಕಚೇರಿಗೆ ಎಳೆದ ಖಾಸಗಿ ತಂತಿಯ ತುದಿಗಳಲ್ಲಿ ಒಂದು ಜೊತೆ ತಿರುಗಿಸುವ ಫೋನ್ ಸಿಗುವ ಸಾಧ್ಯತೆ ಇದೆ. ಜೊತೆಯಾಗಿ ಸಿಕ್ಕರೆ ಎಂದೂ ಬಿಡಿಸಬೇಡಿ. ಎರಡನ್ನೂ ಸೇರಿಸಿದರೆ ಇಂದಿಗೂ ಮಾತನಾಡಬಹುದು.

ಆದರೆ ಎಲ್ಲಕ್ಕಿಂತ ದೊಡ್ಡ ಗಣಿ ನಿವೃತ್ತ ಲೈನ್‌ಮನ್ ಮನೆ. ಮಳೆಗಾಲದಲ್ಲಿ ಆಗುಂಬೆ, ಹುಲಿಕಲ್, ನಗರದ ಕಾಡುಗಳಲ್ಲಿ ಮರ ಬಿದ್ದು ತಂತಿ ಹರಿದಾಗ ಹೆಗಲಿಗೆ ಏಣಿ ಹೊತ್ತು ನಡೆದವರು ಇವರು. ಅವರ ಮನೆಗೆ ವ್ಯಾಪಾರಕ್ಕೆಂದು ಹೋಗಬೇಡಿ. ಮೊದಲ ಸಲ ಏನನ್ನೂ ಕೇಳಬೇಡಿ, ಅವರ ಲೈನು ಎಲ್ಲಿಂದ ಎಲ್ಲಿಗೆ ಇತ್ತು ಎಂದಷ್ಟೇ ಕೇಳಿ. ಎರಡನೆಯ ಸಲ ಅವರೇ ಚೀಲ ತೆಗೆದು ತೋರಿಸುತ್ತಾರೆ. ನನ್ನ ಸಂಗ್ರಹದ ಅತ್ಯುತ್ತಮ ವಸ್ತುಗಳು ಬಂದದ್ದು ಹೀಗೆಯೇ, ಮತ್ತು ಅವಕ್ಕೆ ಯಾರೂ ಬೆಲೆ ಹೇಳಲಿಲ್ಲ.

ಯಾರದ್ದು ಎಂದು ಕೇಳದೆ ಮುಟ್ಟಬೇಡಿ

ಬಳಕೆಯಲ್ಲಿ ಇಲ್ಲದ ಕಂಬ, ಕೇಬಲಿನಿಂದ ಮನೆಮನೆಗೆ ತಂತಿ ಕವಲೊಡೆಯುವ, ತುಕ್ಕು ಹಿಡಿದ ಡಿ.ಪಿ. ಪೆಟ್ಟಿಗೆ, ಬೇಲಿಯ ಮೇಲೆ ಜೋತಾಡುವ ಕೇಬಲ್ ಇವು ವಾರಸುದಾರರಿಲ್ಲದ ವಸ್ತುಗಳಲ್ಲ. ಅವು ಇಂದಿಗೂ ದೂರವಾಣಿ ಸಂಸ್ಥೆಯ ಆಸ್ತಿ. ಕಂಬದಿಂದ ತಂತಿಯನ್ನು ಹಿಡಿದಿಡುವ ಒಂದು ಪಿಂಗಾಣಿಯನ್ನು ಕಳಚಿದರೂ ಅದು ಕಳವು. ಗುಜರಿಯಿಂದ ಕೊಂಡರೆ ರಸೀದಿ ಕೇಳಿ ಪಡೆಯಿರಿ. ಹರಾಜಿನಲ್ಲಿ ಬಂದ ಮಾಲೇ ಎಂದು ವಿಚಾರಿಸಿ.

ತಾಮ್ರದ ತಂತಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕಂಬದ ತಾಮ್ರದ ಕಳವು ಒಂದು ಕಾಲದಲ್ಲಿ ಎಷ್ಟಿತ್ತೆಂದರೆ, ಅದನ್ನು ಇಟ್ಟುಕೊಳ್ಳುವುದನ್ನೇ ಅಪರಾಧವೆನ್ನುವ ಪ್ರತ್ಯೇಕ ಕಾಯ್ದೆ 1950ರಲ್ಲಿ ಬಂತು. ಅದು ರದ್ದಾದದ್ದು 2023ರಲ್ಲಿ. ಆ ಕಾಯ್ದೆ ಇಲಾಖೆಯ ತಂತಿಯನ್ನು ತೂಕದಿಂದಲೇ ಗುರುತಿಸುತ್ತಿತ್ತು: ಒಂದು ಮೈಲಿಗೆ 147ರಿಂದ 153, 196ರಿಂದ 204, 294ರಿಂದ 306 ಪೌಂಡ್. ಅಂದರೆ ಕಂಬದ ಮೇಲೆ ಓಡುತ್ತಿದ್ದದ್ದು ಮೈಲಿಗೆ 150, 200, 300 ಪೌಂಡಿನ ತಂತಿಗಳು. ಕಾಯ್ದೆ ಹೋದರೂ ಈ ಅಳತೆ ಸಂಗ್ರಹಕಾರರಿಗೆ ವರವಾಗಿ ಉಳಿದಿದೆ. ಒಂದು ಮೀಟರ್ ಬರಿಯ ತಾಮ್ರದ ತಂತಿಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಡಿ. ಸುಮಾರು 42 ಗ್ರಾಂ ಬಂದರೆ 150 ಪೌಂಡಿನದು, 56 ಗ್ರಾಂ ಆದರೆ 200ರದ್ದು, 85 ಗ್ರಾಂ ಸಮೀಪವಿದ್ದರೆ 300ರದ್ದು. ಇವುಗಳ ದಪ್ಪ ಕ್ರಮವಾಗಿ ಸುಮಾರು 2.5, 2.8 ಮತ್ತು 3.5 ಮಿಲಿಮೀಟರ್. ಮಾದರಿಗೆಂದು ಒಂದು ಗೇಣು ತಂತಿ ಸಾಕು, ಅದೂ ಎಲ್ಲಿಂದ ಬಂತೆಂದು ಹೇಳಬಲ್ಲವರಿಂದ ಮಾತ್ರ. ಸುರುಳಿಗಟ್ಟಲೆ ಕೂಡಿಡುವುದು ಸಂಗ್ರಹವಲ್ಲ.

ಫೋನನ್ನು ಗುರುತಿಸುವುದು

ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಫೋನಿಗೆ ವಿದ್ಯುತ್ತು ಎಲ್ಲಿಂದ ಬರುತ್ತಿತ್ತು?

ಬದಿಯಲ್ಲಿ ಹ್ಯಾಂಡಲ್ ಇದ್ದರೆ ಅದು ಮ್ಯಾಗ್ನೆಟೋ ಫೋನ್. ಮಾತಿಗೆ ಬೇಕಾದ ವಿದ್ಯುತ್ತು ಮನೆಯಲ್ಲೇ ಇಟ್ಟ ಬ್ಯಾಟರಿಯಿಂದ, ಅಂದರೆ ಆ ಗಾಜಿನ ಜಾಡಿಗಳಿಂದ ಅಥವಾ ನಂತರ ಬಂದ ಎರಡು ಒಣಕೋಶಗಳಿಂದ ಬರುತ್ತಿತ್ತು. ಹ್ಯಾಂಡಲ್ ತಿರುಗಿಸಿದರೆ ಒಳಗಿನ ಕುದುರೆಲಾಳದ ಆಕಾರದ ಆಯಸ್ಕಾಂತಗಳ ನಡುವೆ ಸುರುಳಿ ತಿರುಗಿ, ದೂರದ ಎಕ್ಸ್‌ಚೇಂಜಿನ ಹಲಗೆಯಲ್ಲಿ ಪುಟ್ಟ ಬಿಲ್ಲೆಯೊಂದು ಕೆಳಗೆ ಬೀಳುತ್ತಿತ್ತು. ಅದನ್ನು ನೋಡಿ ಆಪರೇಟರ್ "ನಂಬರ್?" ಎನ್ನುತ್ತಿದ್ದರು.

ಹ್ಯಾಂಡಲ್ಲೂ ಇಲ್ಲ, ಡಯಲ್ಲೂ ಇಲ್ಲ, ಡಯಲ್ ಇರಬೇಕಾದ ಜಾಗದಲ್ಲಿ ಬರಿಯ ಮುಚ್ಚಳವಿದೆ ಎಂದಾದರೆ ಅದು ಸಿ.ಬಿ. (ಸೆಂಟ್ರಲ್ ಬ್ಯಾಟರಿ) ಫೋನ್, ಬ್ಯಾಟರಿ ಎಕ್ಸ್‌ಚೇಂಜಿನಲ್ಲೇ ಇದ್ದ ವ್ಯವಸ್ಥೆಯದು. ರಿಸೀವರ್ ಎತ್ತಿದರೆ ಸಾಕು, ಅಲ್ಲಿ ದೀಪ ಹತ್ತುತ್ತಿತ್ತು. ಇದನ್ನು ನೋಡಿ "ಡಯಲ್ ಕಳೆದುಹೋಗಿದೆ" ಎಂದು ಬೇರೆ ಫೋನಿನ ಡಯಲನ್ನು ಜೋಡಿಸಿದವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಮುಚ್ಚಳವೇ ಅದರ ಗುರುತು.

ಡಯಲ್ ಇದ್ದರೆ ಸ್ವಯಂಚಾಲಿತ ಎಕ್ಸ್‌ಚೇಂಜಿನದು. ಡಯಲ್ ಹಿಂದಿರುಗುವಾಗ ಸೆಕೆಂಡಿಗೆ 10ರಂತೆ ಲೈನನ್ನು ಕಡಿದು ಕೂಡಿಸುತ್ತದೆ. 3ಕ್ಕೆ ಮೂರು ಬಾರಿ, ಸೊನ್ನೆಗೆ ಹತ್ತು ಬಾರಿ. ಆದ್ದರಿಂದ ಸೊನ್ನೆ ತಿರುಗಿಸಿ ಬಿಟ್ಟಾಗ ಡಯಲ್ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತಿನಲ್ಲಿ ಒಂದೇ ಸಮನೆ ಹಿಂದಿರುಗಬೇಕು. ಮಧ್ಯೆ ತಡವರಿಸಿದರೆ ಒಳಗೆ ಎಣ್ಣೆ ಅಂಟಾಗಿದೆ ಎಂದೇ ಅರ್ಥ. ಮಲೆನಾಡಿನ ಮನೆಗಳಲ್ಲಿ ಇದಕ್ಕೆ ಹೆಚ್ಚಾಗಿ ಕಾರಣ ಯಾರೋ ಪ್ರೀತಿಯಿಂದ ಬಿಟ್ಟ ಕೊಬ್ಬರಿ ಎಣ್ಣೆ.

ಮೈ ಬೇಕಲೈಟ್ ಎಂಬ ಹಳೆಯ ಕಾಲದ ಗಟ್ಟಿ ಪ್ಲಾಸ್ಟಿಕ್ಕಿನದೋ ನಂತರದ ಸಾಮಾನ್ಯ ಪ್ಲಾಸ್ಟಿಕ್ಕಿನದೋ ಎಂದು ತಿಳಿಯಲು, ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಒಳಮೈಯ ಒಂದು ಮೂಲೆಯನ್ನು ಉಜ್ಜಿ ಮೂಸಿ ನೋಡಿ. ಬೇಕಲೈಟ್ ಆದರೆ ಆಸ್ಪತ್ರೆಯ ಫಿನಾಯಿಲನ್ನು ಹೋಲುವ ಮೊನಚಾದ ವಾಸನೆ ಬರುತ್ತದೆ. ಬೇಕಲೈಟ್ ಭಾರವಾಗಿರುತ್ತದೆ, ಬೆರಳುಗುರಿನಿಂದ ತಟ್ಟಿದರೆ ಗಟ್ಟಿ ಸದ್ದು ಬರುತ್ತದೆ, ಬಿದ್ದರೆ ಬಾಗದೆ ಒಡೆಯುತ್ತದೆ. ಕಾಯಿಸಿದ ಸೂಜಿ ಚುಚ್ಚಿ ನೋಡುವ ಪದ್ಧತಿಯೊಂದಿದೆ. ಅದರಿಂದ ಮೈಮೇಲೆ ಶಾಶ್ವತ ಗಾಯವಾಗುತ್ತದೆ, ಆದ್ದರಿಂದ ನಾನು ಅದನ್ನು ಒಪ್ಪುವುದಿಲ್ಲ.

ಅಡಿಯ ತಿರುಪು ಬಿಚ್ಚಿದಾಗ ಮುಚ್ಚಳದ ಒಳಗೆ ಅಂಟಿಸಿದ ಕಾಗದವೊಂದು ಸಿಗಬಹುದು. ಅದು ಆ ಫೋನಿನ ತಂತಿಜೋಡಣೆಯ ನಕ್ಷೆ. ಇಲಿ, ಜಿರಲೆಗಳಿಂದ ಉಳಿದು ಬಂದಿದ್ದರೆ ಅಲ್ಲಾಡಿಸದೆ ಮೊದಲು ಫೋಟೊ ತೆಗೆದುಕೊಳ್ಳಿ. ಇಡೀ ಫೋನಿನಲ್ಲಿ ನನಗೆ ಅತಿ ಬೆಲೆಯುಳ್ಳದ್ದು ಆ ಕಾಗದ.

ಲೈನ್‌ಮನ್ ಚೀಲ

ಚೀಲದಲ್ಲಿ ಕಣ್ಣಿಗೆ ಬೀಳುವ ಮೊದಲ ವಸ್ತು ಟೆಸ್ಟ್ ಫೋನ್. ರಿಸೀವರಿನ ಬೆನ್ನಿಗೇ ಡಯಲ್, ತುದಿಯಲ್ಲಿ ಎರಡು ಮೊಸಳೆ ಕ್ಲಿಪ್. ಕಂಬದ ಮೇಲೆ ಕುಳಿತು ಲೈನಿಗೆ ಕಚ್ಚಿಸಿ ಮಾತನಾಡುವ ಸಾಧನ ಅದು. ಮೊದಮೊದಲು ಬಳಕೆಯಲ್ಲಿದ್ದದ್ದು ಚರ್ಮದ ಪಟ್ಟಿಯ ಮರದ ಪೆಟ್ಟಿಗೆಯ ಮ್ಯಾಗ್ನೆಟೋ ಫೋನ್. ಇದನ್ನೂ ಸೇನೆಯ ಫೀಲ್ಡ್ ಫೋನನ್ನೂ ಅನೇಕರು ಒಂದೇ ಎಂದುಕೊಳ್ಳುತ್ತಾರೆ. ಮೇಲ್ಮುಖ ಬಾಣದ ಗುರುತು ಇದ್ದರೆ ಅದು ಸೇನೆಯ ಸಾಮಗ್ರಿಯಾಗಿರುವ ಸಾಧ್ಯತೆಯೇ ಹೆಚ್ಚು.

ತಂತಿಯನ್ನು ಕಚ್ಚಿ ಹಿಡಿದು ಬಿಗಿಯಾಗಿ ಎಳೆಯುವ, ಹಲ್ಲುಚಕ್ರವಿರುವ ಕಬ್ಬಿಣದ ಸಾಧನಕ್ಕೆ ಡ್ರಾ ವೈಸ್ ಎಂದು ಹೆಸರು. ಗುಜರಿಯವರು ಇದನ್ನು ಬೇಲಿ ತಂತಿ ಎಳೆಯುವ ಯಂತ್ರವೆಂದು ಮಾರುತ್ತಾರೆ. ತೋಟಗಳಲ್ಲಿ ಹಾಗೆಯೇ ಬಳಕೆಯೂ ಆಗುತ್ತಿದೆ. ಒಂದು ಜೊತೆ ಚಪ್ಪಟೆ ಇಕ್ಕಳಗಳ ದವಡೆಯಲ್ಲಿ ಬೇರೆ ಬೇರೆ ಅಳತೆಯ ತೂತುಗಳ ಸಾಲು ಕಂಡರೆ, ಅದು ತಾಮ್ರದ ಕೊಳವೆಯೊಳಗೆ ಎರಡು ತಂತಿ ತೂರಿಸಿ ತಿರುಚಿ ಬೆಸೆಯುವ ಸಲಕರಣೆ. ಅದಕ್ಕೂ ಹಳೆಯ ಪದ್ಧತಿಯಲ್ಲಿ ಎರಡು ತಂತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಸಣ್ಣ ತಂತಿಯಿಂದ ಸುತ್ತಿ, ಸೀಸದ ಬೆಸುಗೆ ಹಾಕುತ್ತಿದ್ದರು. ಇದಕ್ಕೆ ಬ್ರಿಟಾನಿಯಾ ಜೋಡಣೆ ಎಂದು ಹೆಸರು. ಅಂತಹ ಒಂದು ಗಂಟು ಸಿಕ್ಕರೆ ತಂತಿಯ ಸಮೇತ ಇಟ್ಟುಕೊಳ್ಳಿ. ಅದರಲ್ಲಿ ಒಬ್ಬ ಮನುಷ್ಯನ ಕೈಗೆಲಸ ಕಾಣುತ್ತದೆ.

ಬೆಸುಗೆಗೆ ಜ್ವಾಲೆ ಊದುವ ಹಿತ್ತಾಳೆಯ ಬ್ಲೋ ಲ್ಯಾಂಪ್ ಸೀಸದ ಹೊದಿಕೆಯ ನೆಲದಡಿ ಕೇಬಲ್‌ಗಳ ಕಾಲದ್ದು. ಕೊಕ್ಕೆಯೂ ಸಣ್ಣ ಅಲಗೂ ಇರುವ, ತಂತಿಯನ್ನು ಸೀಳಿನಲ್ಲಿ ಒತ್ತಿ ಕೂರಿಸುವ ಪ್ಲಾಸ್ಟಿಕ್ ಹಿಡಿಯ ಕ್ರೋನ್ ಟೂಲ್ ಈಚಿನದು. ಎರಡೂ ಒಂದೇ ಚೀಲದಲ್ಲಿ ಸಿಕ್ಕರೆ ಆಶ್ಚರ್ಯಪಡಬೇಡಿ, ಬೇರ್ಪಡಿಸಲೂ ಬೇಡಿ. ಒಬ್ಬರ ಸೇವಾವಧಿಯಲ್ಲೇ ಅಷ್ಟೆಲ್ಲ ಬದಲಾಗಿತ್ತು ಎಂಬುದಕ್ಕೆ ಆ ಚೀಲವೇ ಸಾಕ್ಷಿ.

ಸೊಂಟದ ಸುರಕ್ಷತಾ ಪಟ್ಟಿಯನ್ನು ಸಂಗ್ರಹದಲ್ಲಿಡಿ, ಕಟ್ಟಿಕೊಂಡು ಮಾತ್ರ ಏನನ್ನೂ ಹತ್ತಬೇಡಿ. ಹಳೆಯ ಚರ್ಮ ಒಳಗೊಳಗೇ ಸತ್ತಿರುತ್ತದೆ.

ಪಿಂಗಾಣಿ ಮತ್ತು ಕಂಬ

ಟೆಲಿಫೋನ್ ಪಿಂಗಾಣಿಯನ್ನೂ ಕರೆಂಟಿನ ಪಿಂಗಾಣಿಯನ್ನೂ ಬೇರೆ ಮಾಡುವುದು ಹೊಸಬರಿಗೆ ಕಷ್ಟ. ನಡುವೆ ಆರಪಾರ ತೂತಿದ್ದು ನೂಲಿನ ಉಂಡೆಯಂತಿರುವುದು ಸಾಮಾನ್ಯವಾಗಿ ಮನೆಗೆ ವಿದ್ಯುತ್ ತರುವ ಲೈನಿನದು. ಕೊಡೆಯ ಒಳಗೊಂದು ಕೊಡೆ ಇಟ್ಟಂತೆ ಎರಡು ಪದರಗಳಿದ್ದು, ಒಳಗೆ ತಿರುಪು ಸುತ್ತುಗಳಿದ್ದು, ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದ್ದರೆ ಟೆಲಿಫೋನಿನದಾಗಿರಬಹುದು. ಒಳಗಿನ ಕೊಡೆ ಮಳೆಯಲ್ಲೂ ಒಣಗಿರಬೇಕೆಂಬುದೇ ಆ ಆಕಾರದ ಉದ್ದೇಶ. ಖಚಿತಪಡಿಸಿಕೊಳ್ಳಲು ನೆತ್ತಿಯ ಮೇಲಿನ ಅಚ್ಚನ್ನು ನೋಡಿ. ಓದಲಾಗದಿದ್ದರೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ. ಬಿರುಕಿದೆಯೇ ಎಂದು ತಿಳಿಯಲು ನಾಣ್ಯದಿಂದ ತಟ್ಟಿ: ಸರಿಯಿದ್ದರೆ ಗಂಟೆಯಂತೆ ನುಡಿಯುತ್ತದೆ.

ಕಂಬಗಳಲ್ಲಿ, ಒಂದರೊಳಗೊಂದು ಕೂರುವ ಕೊಳವೆಗಳಿಂದ ಮಾಡಿದ, ಮೇಲೆ ಹೋದಂತೆ ಸಪೂರವಾಗುವ ಕಬ್ಬಿಣದ ಕಂಬಕ್ಕೆ ಹ್ಯಾಮಿಲ್ಟನ್ ಟ್ಯೂಬ್ ಎನ್ನುತ್ತಾರೆ. ಬಿಡಿಬಿಡಿಯಾಗಿ ಹೊತ್ತೊಯ್ದು ಸ್ಥಳದಲ್ಲೇ ಜೋಡಿಸಬಹುದಾದ ಇಂತಹ ಕಂಬ ಘಟ್ಟದ ದಾರಿಗೆ ಎಷ್ಟು ಹೊಂದುತ್ತದೆ ಎಂದು ಬೇರೆ ಹೇಳಬೇಕಿಲ್ಲ. ರೈಲು ಹಳಿಯ ಪಕ್ಕದ ಸಾಮಗ್ರಿ ಸಿಕ್ಕರೆ 'ಎಂ.ಎಸ್.ಆರ್.' ಎಂಬ ಅಕ್ಷರಗಳನ್ನು ಹುಡುಕಿ. ಅದು ಮೈಸೂರು ಸ್ಟೇಟ್ ರೈಲ್ವೆಯದು, ಅಂಚೆ ಮತ್ತು ತಂತಿ ಇಲಾಖೆಯದಲ್ಲ. ಅದನ್ನು ಬೇರೆ ಕಪಾಟಿನಲ್ಲಿಡಿ.

ಎಕ್ಸ್‌ಚೇಂಜಿನ ಬಿಡಿಭಾಗಗಳು

ಹಳೆಯ ಸ್ವಯಂಚಾಲಿತ ಎಕ್ಸ್‌ಚೇಂಜುಗಳ ಸ್ಟ್ರೌಜರ್ ಪದ್ಧತಿಯ ಸೆಲೆಕ್ಟರ್, ಅಂದರೆ ಲೈನನ್ನು ಆರಿಸಿ ಜೋಡಿಸುವ ಯಂತ್ರ, ಒಂದು ಸಿಕ್ಕರೆ ನಿಮ್ಮ ಅದೃಷ್ಟ ದೊಡ್ಡದು. ಡಯಲಿನ ಒಂದು ಅಂಕಿಗೆ ಅದು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ಇನ್ನೊಂದು ಅಂಕಿಗೆ ಅಡ್ಡಕ್ಕೆ ತಿರುಗಿ, 10 ಸಾಲುಗಳ 10 ಮನೆಗಳಲ್ಲಿ ಒಂದನ್ನು ತಲುಪುತ್ತದೆ. ಕೈಯಿಂದಲೇ ನಡೆಸಿ ತೋರಿಸಬಹುದಾದ ಯಂತ್ರ. ಮಕ್ಕಳಿಗೆ ಟೆಲಿಫೋನ್ ವಿವರಿಸಲು ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ರಿಲೇಗಳ (ವಿದ್ಯುತ್ತಿನಿಂದ ಕೆಲಸ ಮಾಡುವ ಸ್ವಿಚ್ಚುಗಳ) ಸಂಪರ್ಕ ಬಿಂದುಗಳಲ್ಲಿ ಬೆಳ್ಳಿ ಇರುವುದರಿಂದ ಗುಜರಿಯಲ್ಲಿ ಅವನ್ನು ಕಿತ್ತಿರುತ್ತಾರೆ. ಕೊಳ್ಳುವ ಮುಂಚೆ ಎಲೆಗಳಂತಹ ಪಟ್ಟಿಗಳ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ.

ಪರೀಕ್ಷಿಸುವಾಗ

ಮ್ಯಾಗ್ನೆಟೋ ಹ್ಯಾಂಡಲನ್ನು ಮೊದಲು ಹಾಗೇ ತಿರುಗಿಸಿ, ಆಮೇಲೆ ಲೈನಿನ ಎರಡು ತಿರುಪುಗಳ ನಡುವೆ ಒಂದು ತುಂಡು ತಂತಿ ಕಟ್ಟಿ ತಿರುಗಿಸಿ. ಎರಡನೆಯ ಸಲ ಹ್ಯಾಂಡಲ್ ಭಾರವಾದರೆ ಜನರೇಟರ್ ಜೀವಂತವಾಗಿದೆ. ತಿರುಗಿಸುವಾಗ ತಿರುಪುಗಳನ್ನು ಮುಟ್ಟಬೇಡಿ. ಜೋರಾದ ಝುಮ್ಮು ಹೊಡೆಯುತ್ತದೆ, ಹೃದಯದ ತೊಂದರೆ ಇರುವವರಿಗೆ ಅದು ಅಪಾಯಕರ. ತಂತಿಯ ನಿರೋಧಕತೆ ಪರೀಕ್ಷಿಸುವ, ಹ್ಯಾಂಡಲ್ ಇರುವ ಮೆಗ್ಗರ್ ಸಿಕ್ಕರೆ ಇನ್ನೂ ಜಾಗ್ರತೆ, ಅದು 500 ವೋಲ್ಟ್ ವರೆಗೂ ಕೊಡುತ್ತದೆ. ಆಯಸ್ಕಾಂತಗಳನ್ನು ಕಳಚಿ ಬಿಡಿಯಾಗಿ ಇಡಬೇಡಿ, ಶಕ್ತಿ ಕುಂದುತ್ತದೆ. ಕಳಚಲೇಬೇಕಾದರೆ ತುದಿಗಳಿಗೆ ಅಡ್ಡಲಾಗಿ ಕಬ್ಬಿಣದ ತುಂಡು ಇಡಿ.

ಮಾತು ಕ್ಷೀಣವಾಗಿದ್ದರೆ ಬಾಯಿಯ ಕಡೆಯ ಬಿಲ್ಲೆಯನ್ನು ಅಂಗೈಗೆ ಮೆಲ್ಲಗೆ ತಟ್ಟಿ. ಒಳಗಿನ ಇಂಗಾಲದ ಕಾಳುಗಳು ನಮ್ಮ ಮಳೆಗಾಲದ ತೇವಕ್ಕೆ ಗಟ್ಟಿಕಟ್ಟಿರುತ್ತವೆ. ಯಾವ ಕಾರಣಕ್ಕೂ ಹಳೆಯ ಫೋನನ್ನು ಮನೆಯ 230 ವೋಲ್ಟ್‌ಗೆ ಸೇರಿಸಬೇಡಿ. ಚಾಲ್ತಿಯಲ್ಲಿರುವ ತಾಮ್ರದ ಲೈನಿನಲ್ಲಿ ಸುಮಾರು 50 ವೋಲ್ಟ್ ಇರುತ್ತದೆ, ಗಂಟೆ ಬಾರಿಸುವಾಗ 75ರ ಆಸುಪಾಸು.

ಶುಚಿ ಮಾಡುವುದು, ಮಳೆಗಾಲ ದಾಟಿಸುವುದು

ನಮ್ಮ ಊರುಗಳಲ್ಲಿ ವಸ್ತು ಎಲ್ಲಿ ಇತ್ತು ಎಂಬುದರ ಮೇಲೆ ಅದರ ಸ್ಥಿತಿ ನಿಂತಿದೆ. ಒಲೆಯ ಮೇಲಿನ ಅಟ್ಟದಲ್ಲಿದ್ದದ್ದು ಮಸಿ ಹಿಡಿದಿರುತ್ತದೆ, ಆದರೆ ಒಣಗಿರುತ್ತದೆ. ಮಸಿಯ ಕೆಳಗೆ ಲೋಹ ಹೊಸದರಂತೆ ಸಿಗಬಹುದು. ಉಗ್ರಾಣದಲ್ಲಿದ್ದದ್ದು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬೂಷ್ಟು, ಹಸಿರು ಕಿಲುಬು.

ಹಿತ್ತಾಳೆಗೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ದೇವರ ಪಾತ್ರೆಗೆ ಅದು ಸರಿ. ಇಲ್ಲಿ ತೆಳುವಾದ ಅಚ್ಚಿನ ಅಕ್ಷರಗಳು ಸವೆದು ಹೋಗುತ್ತವೆ, ಗುರುತೇ ಅಳಿಯುತ್ತದೆ. ಮೆತ್ತನೆಯ ಬ್ರಷ್, ಒಣಬಟ್ಟೆ, ಬೇಕಾದರೆ ಸ್ವಲ್ಪ ಸಾಬೂನಿನ ನೀರು ಸಾಕು. ಬೇಕಲೈಟನ್ನು ನೀರಿನಲ್ಲಿ ನೆನೆಸಬೇಡಿ, ಅದರೊಳಗೆ ಮರದ ಪುಡಿ ಬೆರೆತಿರುತ್ತದೆ. ಒರೆಸಿ, ಒಣಗಿಸಿ, ಮೇಣದ ಪಾಲಿಷ್ ಹಚ್ಚಿ. ತಿಳಿ ಬಣ್ಣದ ಪ್ಲಾಸ್ಟಿಕ್ ಫೋನನ್ನು ಬಿಸಿಲಿಗಿಡಬೇಡಿ, ಹಳದಿಯಾಗುತ್ತದೆ. ಕಬ್ಬಿಣದ ತುಕ್ಕಿಗೆ ಸೀಮೆಎಣ್ಣೆ ಮತ್ತು ನಯವಾದ ಉಕ್ಕಿನ ನಾರು, ಕೊನೆಗೆ ಹೊಲಿಗೆಯಂತ್ರದ ಎಣ್ಣೆಯ ತೆಳು ಲೇಪ. ಸೀಸದ ಕೇಬಲ್ ತುಂಡು ಮುಟ್ಟಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಗಾಜಿನ ಜಾಡಿ ಎಷ್ಟೇ ಅಂದವಾಗಿದ್ದರೂ ಅದರಲ್ಲಿ ಉಪ್ಪಿನಕಾಯಿ ಹಾಕಬೇಡಿ.

ಜೂನ್‌ಗೆ ಮುಂಚೆ ಎಲ್ಲವನ್ನೂ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಳವಿರುವ ಡಬ್ಬಗಳಲ್ಲಿ ಇಡಿ. ಚರ್ಮದ ವಸ್ತುಗಳನ್ನು ಮಾತ್ರ ಗಾಳಿಯಾಡುವಂತೆ ತೂಗುಹಾಕಿ, ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸಿ.

ಚೀಟಿ ಬರೆಯುವುದು

ಪ್ರತಿ ವಸ್ತುವಿಗೂ ದಾರದಲ್ಲಿ ಕಟ್ಟಿದ ಒಂದು ಚೀಟಿ ಇರಲಿ. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ. ಸಿಕ್ಕ ದಿನ, ಊರು, ಮೇಲಿರುವ ಅಚ್ಚು, ತೂಕ ಬರೆದ ಮೇಲೆ ಅದನ್ನು ಬಳಸಿದವರು ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಅವರದೇ ಮಾತಿನಲ್ಲಿ ಬರೆಯಿರಿ. ಕ್ಯಾಟಲಾಗಿನ ಹೆಸರು ಮುಂದೆಯೂ ಸಿಕ್ಕೀತು, ಲೈನ್‌ಮನ್‌ಗಳು ಇಟ್ಟ ಹೆಸರು ಬೇರೆಲ್ಲೂ ಸಿಗುವುದಿಲ್ಲ. ಒಪ್ಪಿದರೆ ಮೊಬೈಲಿನಲ್ಲಿ ಅವರ ಮಾತನ್ನು ಧ್ವನಿಮುದ್ರಿಸಿ, ಆ ಕಡತಕ್ಕೂ ಚೀಟಿಗೂ ಒಂದೇ ಸಂಖ್ಯೆ ಕೊಡಿ.

ನನ್ನ ಮೊದಲ ಚೀಟಿಯಲ್ಲಿ ಸಂಖ್ಯೆ 1 ಎಂದಿದೆ. ಕೆಳಗೆ ಬರೆದಿರುವುದು ಇಷ್ಟು: ಗಾಜಿನ ಜಾಡಿ, ಅಟ್ಟ, ಒಲೆಯ ಬದಿ. ನವಸಾಗರದ ನೀರು ಹಾಕಿದರೆ ಮಾತ್ರ ಮಾತು ಆಚೆ ಹೋಗುತ್ತಿತ್ತು.